ಮುಟ್ಟಿನ ಕಪ್: ಹಾಕುವುದು ಸುಲಭ, ತೆಗೆಯುವುದೇ ವಿದ್ಯೆ

ಪ್ಯಾಡಿನ ಬದಲು ಯೋನಿಯೊಳಗೆ ಇಟ್ಟುಕೊಂಡು ರಕ್ತ ಹಿಡಿಯುವ ಮುಟ್ಟಿನ ಕಪ್ ಬಳಸುತ್ತೇನೆ ಎಂದರೆ ಸಾಕು, ಗೆಳತಿಯರ ಮೊದಲ ಪ್ರಶ್ನೆ, "ಅಷ್ಟು ದೊಡ್ಡದು ಒಳಗೆ ಹೋಗುತ್ತಾ?" ಹೋಗುತ್ತೆ. ಮಡಚಿ ಹಿಡಿದರೆ ಅದು ಹೆಬ್ಬೆರಳಿಗಿಂತ ತುಸು ದಪ್ಪ, ಅಷ್ಟೇ. ಯಾರೂ ಕೇಳದ, ಆದರೆ ಕೊಳ್ಳುವ ಮೊದಲೇ ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಹೊರಗೆ ತೆಗೆಯುವುದು ಹೇಗೆ? ವರ್ಷಗಟ್ಟಲೆ ಬಳಸಿದ ಮೇಲೆ ನನಗನ್ನಿಸುವುದಿಷ್ಟು. ಕಪ್ ನಿಮಗೆ ಒಗ್ಗುತ್ತದೋ ಕಪಾಟಿನ ಮೂಲೆ ಸೇರುತ್ತದೋ ಎಂಬುದು ತೀರ್ಮಾನವಾಗುವುದು ತೆಗೆಯುವ ಹೊತ್ತಿನಲ್ಲೇ.

ನನ್ನದು ಮೆಡಿಕಲ್ ಗ್ರೇಡ್ ಸಿಲಿಕೋನಿನ, ಗಂಟೆಯ ಆಕಾರದ, ಕೆಳಗೆ ಪುಟ್ಟ ಬಾಲವಿರುವ ಸಾಮಾನ್ಯ ಕಪ್. ಇದೆಲ್ಲ ಈಗಿನವರ ಶೋಕಿ ಎನ್ನುವವರೂ ಇದ್ದಾರೆ. ಅಮೆರಿಕದ ಲಿಯೋನಾ ಚಾಮರ್ಸ್ ರಬ್ಬರ್ ಕಪ್ಪಿಗೆ ಪೇಟೆಂಟ್ ಪಡೆದದ್ದು 1937ರಲ್ಲಿ! ಸಿಲಿಕೋನ್ ಕಪ್‌ಗಳು ಬಂದದ್ದು ಮಾತ್ರ ಈ ಶತಮಾನದ ಆರಂಭಕ್ಕೆ.

ಹಾಕುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜೊತೆಗೆ ಬರುವ ಕಾಗದದಲ್ಲಿ ಸಾಮಾನ್ಯವಾಗಿ ಮೊದಲು ತೋರಿಸುವುದು ಕಪ್ಪನ್ನು ಚಪ್ಪಟೆ ಮಾಡಿ ಎರಡಾಗಿ ಬಗ್ಗಿಸುವ ಮಡಿಕೆ. ಹೊಸಬರಿಗೆ ಅದರ ತುದಿ ದಪ್ಪ ಅನ್ನಿಸುತ್ತದೆ. ಅಂಚಿನ ಒಂದು ಕಡೆಯನ್ನು ಬೆರಳಿನಿಂದ ಒಳಕ್ಕೆ ಒತ್ತಿ ಹಿಡಿಯುವ ಮಡಿಕೆಯಲ್ಲಿ ತುದಿ ಚೂಪಾಗುತ್ತದೆ, ಒಳಗೆ ಹೋಗುವುದೂ ಸಲೀಸು. ಕಪ್ ಒದ್ದೆಯಾಗಿರಲಿ. ನೀರು ಸಾಲದಿದ್ದರೆ ನೀರು ಆಧಾರಿತ ಜೆಲ್ ಹಚ್ಚಬಹುದು, ಆದರೆ ಸಿಲಿಕೋನ್ ಜೆಲ್ ಬೇಡ, ಕಪ್ಪೇ ಹಾಳಾಗುತ್ತದೆ. ನೆಟ್ಟಗೆ ಮೇಲಕ್ಕೆ ತಳ್ಳದೆ ಬೆನ್ನಿನ ಕಡೆಗೆ ಓರೆಯಾಗಿ ತಳ್ಳಬೇಕು. ಒಳಗೆ ಹೋದ ಮೇಲೆ ಬುಡದ ಸುತ್ತ ಒಮ್ಮೆ ಬೆರಳಾಡಿಸಿ ನೋಡಿ. ಎಲ್ಲೂ ತಗ್ಗಿಲ್ಲದೆ ದುಂಡಗಿದ್ದರೆ ಪೂರ್ತಿ ಬಿಚ್ಚಿಕೊಂಡಿದೆ ಎಂದರ್ಥ. ತಗ್ಗು ಸಿಕ್ಕಿದರೆ ಬುಡ ಹಿಡಿದು ಸ್ವಲ್ಪ ತಿರುಗಿಸಬೇಕು. "ಕಪ್ ಸೋರುತ್ತೆ" ಎಂದು ದೂರುವವರಲ್ಲಿ ಹೆಚ್ಚಿನವರ ಕಪ್ ಪೂರ್ತಿ ಬಿಚ್ಚಿಕೊಂಡಿರುವುದೇ ಇಲ್ಲ.

ಈಗ ತೆಗೆಯುವ ವಿಚಾರ. ಗಾಳಿಯಾಡಲೆಂದು ಅಂಚಿನ ಕೆಳಗೆ ಸಣ್ಣ ತೂತುಗಳಿರುತ್ತವೆ, ಆದರೂ ಕಪ್ ಒಳಗೆ ಸ್ವಲ್ಪ ಹೀರಿಕೊಂಡೇ ಕೂತಿರುತ್ತದೆ. ಬಾಲ ಹಿಡಿದು ಎಳೆದರೆ ಒಳಗಿನದೆಲ್ಲ ಜೊತೆಗೇ ಬರುತ್ತಿದೆಯೇನೋ ಅನ್ನಿಸಿ ಎದೆ ಧಸಕ್ಕೆನ್ನುತ್ತದೆ. ಬಾಲ ಇರುವುದು ಬುಡ ಎಲ್ಲಿದೆ ಎಂದು ತೋರಿಸಲಿಕ್ಕೆ, ಎಳೆಯಲಿಕ್ಕಲ್ಲ. ಕುಕ್ಕರುಗಾಲಲ್ಲಿ ಕೂತು ಹಗುರವಾಗಿ ಮುಕ್ಕಿದರೆ ಬುಡ ಬೆರಳಿಗೆ ಎಟಕುತ್ತದೆ. ಹೆಬ್ಬೆರಳು, ತೋರುಬೆರಳುಗಳಿಂದ ಬುಡವನ್ನು ಚಿವುಟಿ ಹಿಡಿದು ಒಂದು ಕ್ಷಣ ಸುಮ್ಮನಿರಬೇಕು. ಗಾಳಿ ಒಳಗೆ ಹೋಗಿ ಪುಸಕ್ಕೆಂದು ಹಿಡಿತ ಸಡಿಲವಾಗುವುದು ಬೆರಳಿಗೇ ತಿಳಿಯುತ್ತದೆ. ಆಮೇಲೆ ಅಂಚಿನ ಒಂದು ಪಕ್ಕ ಮೊದಲು, ಇನ್ನೊಂದು ಪಕ್ಕ ನಂತರ ಬರುವಂತೆ ಸ್ವಲ್ಪ ಓರೆ ಮಾಡಿ ಇಳಿಸಿದರೆ ಆಯಿತು. ಹಿಡಿತ ಬಿಡಿಸದೆ ಬಲವಂತವಾಗಿ ಎಳೆಯುವ ಅಭ್ಯಾಸ ಒಳ್ಳೆಯದಲ್ಲ. ಕಪ್ ಬಳಸುವವರಲ್ಲಿ ಗರ್ಭಕೋಶ ಜಾರಿದ ಪ್ರಕರಣಗಳು ವರದಿಯಾಗಿವೆ, ವೈದ್ಯರು ಎಚ್ಚರಿಸುವುದು ಈ ಎಳೆತದ ಬಗ್ಗೆಯೇ.

ಕೈಗೆ ಸಿಗದಿದ್ದರೆ? ಗಾಬರಿಯಾದಷ್ಟೂ ಸ್ನಾಯು ಬಿಗಿಯುತ್ತದೆ, ಕಪ್ ಇನ್ನೂ ಮೇಲೆ ಹೋಗುತ್ತದೆ. ಹೊಟ್ಟೆಯೊಳಗೆ ಕಳೆದುಹೋಗಲು ದಾರಿಯೇ ಇಲ್ಲ, ಯೋನಿಯ ಕೊನೆಗೆ ಗರ್ಭಕಂಠ ಬಾಗಿಲಂತೆ ಮುಚ್ಚಿಕೊಂಡಿರುತ್ತದೆ. ಎದ್ದು ಸ್ವಲ್ಪ ಓಡಾಡಿ ಮತ್ತೆ ಕೂತರೆ ಸಾಮಾನ್ಯವಾಗಿ ತಾನಾಗಿ ಕೆಳಗಿಳಿಯುತ್ತದೆ. ಉದ್ದ ಉಗುರಿನವರು ಮಾತ್ರ ಒಂದನ್ನು ಆರಿಸಿಕೊಳ್ಳಿ, ಉಗುರೋ ಕಪ್ಪೋ.

ಕಪ್ ನನಗೆ ಕೊಟ್ಟ ದೊಡ್ಡ ಲಾಭ ಒಣ ಚಡ್ಡಿಯಲ್ಲ, ಲೆಕ್ಕ. ಪ್ಯಾಡ್ ನೋಡಿದರೆ ಮೈಯ ರಕ್ತವೆಲ್ಲ ಹರಿದುಹೋಯಿತೇನೋ ಅನ್ನಿಸುತ್ತದೆ. ಆದರೆ ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್. 80 ದಾಟಿದರೆ ಅತಿಸ್ರಾವ ಎಂದು ವೈದ್ಯರು ಎಣಿಸುತ್ತಾರೆ. ಹೆಚ್ಚಿನ ಕಪ್‌ಗಳು 20ರಿಂದ 30 ಮಿಲಿ ಹಿಡಿಯುತ್ತವೆ, ಎಷ್ಟೋ ಕಪ್‌ಗಳ ಮೇಲೆ ಅಳತೆಯ ಗೆರೆಗಳೂ ಇರುತ್ತವೆ. "ಜಾಸ್ತಿ ಹೋಗುತ್ತೆ ಡಾಕ್ಟ್ರೇ" ಎನ್ನುವುದಕ್ಕೂ ಗೆರೆ ನೋಡಿ ಬರೆದಿಟ್ಟ ಅಂಕಿ ತೋರಿಸುವುದಕ್ಕೂ ಬಹಳ ವ್ಯತ್ಯಾಸವಿದೆ.

ದಿನ ಕಳೆದಂತೆ ಮಾತ್ರ ಗೊತ್ತಾಗುವ ಸಂಗತಿಗಳು ಕೆಲವಿವೆ, ಜಾಹೀರಾತಿನಲ್ಲಿ ಇವು ಕಾಣುವುದಿಲ್ಲ. ಮಲವಿಸರ್ಜನೆಗೆ ಮುಕ್ಕಿದಾಗ ಕಪ್ ಕೆಳಗೆ ಜಾರುತ್ತದೆ. ಆಮೇಲೆ ಕೈ ತೊಳೆದು ಮೇಲೆ ಸರಿಸಿಕೊಳ್ಳಬೇಕು. ಮೂತ್ರದ ಧಾರೆ ಸಣ್ಣಗಾದರೆ ಕಪ್ ಮುಂಭಾಗಕ್ಕೆ ಒತ್ತುತ್ತಿದೆ ಎಂದರ್ಥ. ನಿಮ್ಮ ಕಪ್ ಗಡುಸಿದ್ದರೆ ಮೆದುವಾದದ್ದಕ್ಕೆ ಬದಲಾಯಿಸಿ ನೋಡುವುದು ಮೇಲು. ಸ್ನಾಯು ಬಿಗಿ ಇರುವವರಿಗೆ ತೀರಾ ಮೆದು ಕಪ್ ಬಿಚ್ಚಿಕೊಳ್ಳುವುದೇ ಇಲ್ಲ, ಅದೂ ನಿಜ. ಸಣ್ಣದೋ ದೊಡ್ಡದೋ ಎಂದು ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ಈ ಮೆದು–ಗಡುಸಿನ ಮಾತು ಎತ್ತುವವರೇ ಇಲ್ಲ.

ಇನ್ನು ಆ ಸಣ್ಣ ತೂತುಗಳು. ಅವುಗಳಲ್ಲಿ ಕಟ್ಟಿಕೊಂಡ ರಕ್ತವೇ ವಾಸನೆಗೆ ಮೂಲ. ಕಪ್ಪಿಗೆ ನೀರು ತುಂಬಿ, ಬಾಯಿಗೆ ಅಂಗೈ ಒತ್ತಿ ಹಿಚುಕಿದರೆ ಪ್ರತಿ ತೂತಿನಿಂದಲೂ ಚಿರ್ರೆಂದು ಧಾರೆ ಹೊಡೆಯುತ್ತದೆ. ಧಾರೆ ಬಾರದ ತೂತು ಕಟ್ಟಿದೆ ಎಂದು ಗೊತ್ತಾಯಿತಲ್ಲ! ಮೊದಲು ತಣ್ಣೀರಿನಲ್ಲಿ ತೊಳೆಯಿರಿ, ಬಿಸಿನೀರು ಕಲೆಯನ್ನು ಕೂರಿಸುತ್ತದೆ. ಮುಟ್ಟು ಮುಗಿದ ಮೇಲೆ ಐದು ನಿಮಿಷ ಕುದಿಸಬೇಕು, ಆದರೆ ಪಾತ್ರೆಯ ತಳಕ್ಕೆ ತಾಗಿದರೆ ಸಿಲಿಕೋನ್ ಸುಡುತ್ತದೆ. ನಾನು ಕಪ್ಪನ್ನು ಜಾಲರಿ ಸೌಟಿನಲ್ಲಿಟ್ಟು ಮುಳುಗಿಸಿ ಹಿಡಿಯುತ್ತೇನೆ. ಒಣಗಿದ ಮೇಲೆ ಗಾಳಿಯಾಡುವ ಬಟ್ಟೆಚೀಲಕ್ಕೆ, ಗಾಳಿ ಹೋಗದ ಡಬ್ಬಿಗಲ್ಲ. ಬಣ್ಣ ಕಂದಿದರೆ ಚಿಂತೆಯಿಲ್ಲ. ಬಿರುಕು, ಅಂಟು, ಬಿಳಿಪುಡಿ ಕಂಡರೆ ಮಾತ್ರ ಎಸೆಯಬೇಕು. ಚೆನ್ನಾಗಿ ನೋಡಿಕೊಂಡರೆ ಒಂದು ಕಪ್ ಹತ್ತು ವರ್ಷದವರೆಗೂ ಬಾಳಬಹುದು.

ಸುರಕ್ಷತೆಯ ಬಗ್ಗೆ ನನಗೂ ಅನುಮಾನವಿತ್ತು. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ 43 ಅಧ್ಯಯನಗಳನ್ನು, ಅಂದರೆ ಸುಮಾರು 3,300 ಮಂದಿಯ ಅನುಭವವನ್ನು ಒಟ್ಟುಗೂಡಿಸಿದ ವಿಮರ್ಶೆ ಬಂತು. ಸೋರುವಿಕೆ ಪ್ಯಾಡ್, ಟ್ಯಾಂಪೂನ್‌ಗಳಷ್ಟೇ ಅಥವಾ ಅವಕ್ಕಿಂತ ಕಡಿಮೆ ಎಂದು ಅದು ಹೇಳಿತು, ರೂಢಿಯಾಗಲು ಕೆಲವು ತಿಂಗಳು ಬೇಕು ಎಂದೂ ಸೇರಿಸಿತು. ಟಾಕ್ಸಿಕ್ ಶಾಕ್ ಸಿಂಡ್ರೋಮ್ (ಬ್ಯಾಕ್ಟೀರಿಯಾದ ವಿಷದಿಂದ ಬರುವ, ಜೀವಕ್ಕೇ ಅಪಾಯ ತರಬಲ್ಲ ಕಾಯಿಲೆ) ತೀರಾ ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಕಪ್ ಒಳಗಿರುವಾಗ ದಿಢೀರ್ ಜೋರು ಜ್ವರ, ವಾಂತಿ, ಚರ್ಮದ ಮೇಲೆ ಕೆಂಪು ದದ್ದು, ತಲೆಸುತ್ತು ಬಂದರೆ ಕಪ್ ತೆಗೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕಾಪರ್‌-ಟಿಯಂಥ ಸಾಧನ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಕಪ್ ಬಳಸಬೇಡಿ, ತೆಗೆಯುವಾಗ ಅದೂ ಸರಿದು ಹೊರಬರುವ ಸಾಧ್ಯತೆ ಇದೆ.

ನನ್ನ ತಕರಾರುಗಳನ್ನೂ ಹೇಳಿಬಿಡುತ್ತೇನೆ. "12 ಗಂಟೆ ನಿಶ್ಚಿಂತೆ" ಎಂಬ ಮಾತು ಸ್ರಾವ ಕಡಿಮೆ ಇರುವ ದಿನಕ್ಕೆ ಸರಿ. ಜೋರಾಗಿರುವ ದಿನ ಅದರ ಅರ್ಧಕ್ಕೇ ತುಂಬಿರುತ್ತದೆ. ಹೊಟ್ಟೆನೋವು ಕಡಿಮೆಯಾಗುತ್ತದೆ ಎನ್ನುವವರಿದ್ದಾರೆ, ನನಗಂತೂ ಎಳ್ಳಷ್ಟೂ ಆಗಿಲ್ಲ. ಹೊರಗಡೆ ಶೌಚಾಲಯದ ಒಳಗೇ ನೀರಿಲ್ಲದಿದ್ದರೆ ರಕ್ತ ಮೆತ್ತಿದ ಕೈಯಲ್ಲಿ ಬಾಗಿಲು ತೆರೆಯುವ ಪಾಡು ಯಾರಿಗೂ ಬೇಡ. ಹಾಗಾಗಿ ಚೀಲದಲ್ಲೊಂದು ಸಣ್ಣ ನೀರಿನ ಬಾಟಲಿ ಇದ್ದೇ ಇರುತ್ತದೆ. ಕಪ್ ತೆಗೆದು ಮತ್ತೆ ಹಾಕಿದ ಮೇಲೂ ಅಂಚಿನಲ್ಲಿ ಉಳಿದದ್ದು ಎರಡು ಹನಿ ಇಳಿಯುತ್ತದೆ. ಅದಕ್ಕೊಂದು ತೆಳು ಬಟ್ಟೆ ಸಾಕು.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಆ ಒಂದು ಅಂಕ ಬಾಲದ್ದು. ಕೂತಾಗಲೆಲ್ಲ ಚುಚ್ಚುತ್ತಿತ್ತೆಂದು ಕೊನೆಗೆ ಅದನ್ನು ಬುಡದವರೆಗೆ ಕತ್ತರಿಸಿ, ಅಂಚನ್ನು ನಯವಾಗಿ ಉಜ್ಜಿದೆ. ಮುಂದಿನ ಸಲ ಕೊಳ್ಳುವುದು ಬಾಲದ ಬದಲು ಬುಡದಲ್ಲಿ ಉಂಗುರವಿರುವ, ಬೆರಳು ಜಾರದಂತೆ ಗೆರೆಗಳಿರುವ ಮೆದು ಕಪ್ಪನ್ನೇ.