ಜೇಬಿನ ಪ್ರೋಬ್ ಜೊತೆ ಮೂರು ವರ್ಷ: ಜೆಲ್‌ಗೆ ಫುಲ್ ಮಾರ್ಕ್ಸ್, ಆ್ಯಪ್ ಮೇಲೆ ಸಿಟ್ಟು

ಚರ್ಮದಡಿಯ ಗಂಟುಗಳನ್ನು ನೋಡೋಕೆಂದೇ ಫೋನಿಗೆ ಸಿಕ್ಕಿಸುವ ಈ ಲೀನಿಯರ್ ಅಲ್ಟ್ರಾಸೌಂಡ್ ಪ್ರೋಬ್ ತಗೊಂಡೆ. ದೊಡ್ಡ ಮೆಷಿನ್ ನನ್ನ ಕ್ಲಿನಿಕ್‌ನ ಬಜೆಟ್ಟಿಗೆ ಎಟುಕುವಂಥದ್ದಲ್ಲ. ಸ್ಪೆಸಿಫಿಕೇಶನ್ ನೀವೆಲ್ಲ ನೋಡೇ ಇರ್ತೀರಿ, ಬಿಡಿ.

ಬೆಳಿಗ್ಗೆ ಬಂದ ಕೂಡಲೇ ಜೆಲ್ ಬಾಟಲಿಯನ್ನು ಬಿಸಿನೀರಿನ ಲೋಟದಲ್ಲಿ ಕೂರಿಸುತ್ತೇನೆ. ತಣ್ಣನೆ ಜೆಲ್ ತಾಗಿದರೆ ರೋಗಿ ಮೈ ಬಿಗಿಹಿಡಿಯುತ್ತಾರೆ. ಗಂಟಿನ ಮೇಲೆ ಜೆಲ್ ಗುಡ್ಡೆ ಹಾಕಿ, ಕಿರುಬೆರಳನ್ನು ಪಕ್ಕದ ಚರ್ಮಕ್ಕೆ ಊರಿ, ಪ್ರೋಬ್ ಅದರ ಮೇಲೆ ತೇಲುವ ಹಾಗೆ ಹಿಡಿಯಬೇಕು. ಇದು ಕೈಗೆ ಹತ್ತೋಕೆ ನನಗೆ ಆರು ತಿಂಗಳು ಬೇಕಾಯ್ತು. ಕೊಬ್ಬಿನ ಗಂಟಾದರೆ ಚರ್ಮಕ್ಕೆ ಸಮಾನಾಂತರವಾಗಿ ಮಲಗಿರುತ್ತೆ, ಒಳಗೆ ಸಣ್ಣ ಬಿಳಿ ಗೆರೆಗಳು, ಅದುಮಿದರೆ ಚಪ್ಪಟೆ. ನೋಡಿದ ತಕ್ಷಣ ಇಬ್ಬರಿಗೂ ಸಮಾಧಾನ.

ಮೊದಲ ವರ್ಷ ಕೇಳಿದ್ದರೆ ಐದಕ್ಕೆ ಐದು ಕೊಟ್ಟುಬಿಡುತ್ತಿದ್ದೆ.

ಆಮೇಲೆ ಒಬ್ಬರು ಮಂಡಿ ಹಿಂದಿನ ಗಂಟು ತೋರಿಸಲು ಬಂದರು. ಸ್ಕ್ರೀನ್ ಮೇಲೆ ಕಪ್ಪು, ಅಂಚು ನುಣುಪು, ಹಿಂಬದಿ ಬೆಳ್ಳಗೆ. ಬೇಕರ್ಸ್ ಸಿಸ್ಟ್, ಅಂದರೆ ಮಂಡಿ ಹಿಂದೆ ಆಗುವ ನೀರು ತುಂಬಿದ ಚೀಲ ಅಂತ ಬರೆಯೋಕೆ ಪೆನ್ನು ತೆಗೆದಿದ್ದೆ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿದರೂ ಒಂದು ಚುಕ್ಕೆ ಬಣ್ಣವಿಲ್ಲ. ಆದರೆ ಬೇಕರ್ಸ್ ಸಿಸ್ಟ್‌ಗೆ ಮೀನಖಂಡದ ಒಳಬದಿಯ ಸ್ನಾಯು ಮತ್ತು ತೊಡೆಯ ಹಿಂಬದಿಯಿಂದ ಬರುವ ಸೆಮಿಮೆಂಬ್ರನೋಸಸ್ ಸ್ನಾಯುರಜ್ಜು, ಇವೆರಡರ ನಡುವೆ ಕೀಲಿನ ಕಡೆ ನುಸುಳುವ ಕತ್ತು ಇರಬೇಕು. ಎಷ್ಟು ಹುಡುಕಿದರೂ ಕತ್ತು ಸಿಗಲಿಲ್ಲ. ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಏರಿಸಿದೆ, ಕೈ ಹಗುರ ಮಾಡಿದೆ, ಎಷ್ಟು ವೇಗದ ಹರಿವನ್ನು ತೋರಿಸಬೇಕು ಅಂತ ಹೇಳುವ ಡಾಪ್ಲರ್ ಸ್ಕೇಲ್ ಇಳಿಸಿದೆ. ಆಗ ಕಪ್ಪಿನ ಒಳಗಿಂದಲೇ ಕೆಂಪು ನೀಲಿ ಮಿನುಗತೊಡಗಿತು. ಸಿಸ್ಟ್ ಒಳಗೆ ರಕ್ತ ಹರಿಯೋದಿಲ್ಲ, ಅಂದರೆ ಇದು ಗಟ್ಟಿ ಗಡ್ಡೆ. ಲೋಳೆ ತುಂಬಿದ ಮಿಕ್ಸಾಯ್ಡ್ ಗಡ್ಡೆಗಳು ಹೀಗೇ ನೀರಿನ ಚೀಲದ ವೇಷ ಹಾಕುತ್ತವೆ. ಸೂಜಿ ಹಾಕದೆ ಎಂಆರ್‌ಐಗೆ ಕಳಿಸಿದೆ. ಬಯಾಪ್ಸಿಯಲ್ಲಿ ಸಾರ್ಕೋಮಾ, ಅಂದರೆ ಒಂದು ಬಗೆಯ ಕ್ಯಾನ್ಸರ್ ಅಂತ ಬಂತು.

ನನ್ನ ಸಿಟ್ಟು ಇಲ್ಲೇ ಇರೋದು. ಸ್ಕೇಲ್ ಇಳಿಸುವ ಬಟನ್ ಮೂರು ಮೆನು ಒಳಗೆ ಅಡಗಿದೆ. ಇಳಿಸಿಟ್ಟರೂ ಆ್ಯಪ್ ಮುಚ್ಚಿ ತೆರೆದರೆ ಮತ್ತೆ ಮೇಲೆ ಹೋಗಿ ಕೂತಿರುತ್ತೆ, ನಿಧಾನವಾಗಿ ಹರಿಯುವ ರಕ್ತ ಕಾಣಿಸೋದೇ ಇಲ್ಲ. ಕಂಪನಿಗೆ ಎರಡು ಸಲ ಬರೆದೆ, ಉತ್ತರ ಬಂದಿದ್ದು ಬ್ಯಾಟರಿ ಬಗ್ಗೆ.

ಈಗ ಐದಕ್ಕೆ ಮೂರು. ಐದು ಸೆಂಟಿಮೀಟರ್ ಮೀರಿದ, ಸ್ನಾಯುಪೊರೆಯ ಕೆಳಗಿನ ಅಥವಾ ಬೇಗ ಬೆಳೆಯುತ್ತಿರುವ ಗಂಟಿನ ಮೇಲೆ ಇದನ್ನಿಟ್ಟರೂ ತೀರ್ಪು ಹೇಳೋಕೆ ಹೋಗಲ್ಲ, ಮುಂದಕ್ಕೆ ಕಳಿಸುತ್ತೇನೆ. ಉಳಿದವಕ್ಕೆ ಲೋಟದಲ್ಲಿ ಜೆಲ್ ಬೆಚ್ಚಗಿದೆ, ಮೊದಲ ಕೆಲಸ ಸ್ಕೇಲ್ ಇಳಿಸೋದು.