ಸ್ಟೆಂಟ್ ಹಾಕಿದ ಮೇಲೆ: ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲರ್?

ಹೃದಯಾಘಾತದ ನಂತರ ಸ್ಟೆಂಟ್ (ರಕ್ತನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿಸಿಕೊಂಡ ಶಿರಸಿಯ ನಿಮ್ಮ ಮಾವನವರಿಗೆ ಈ ಎರಡರಲ್ಲಿ ಯಾವುದು ಒಳ್ಳೆಯದೆಂದು ಕೇಳಿದ್ದೀರಿ. ಎರಡೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳು. ಆಸ್ಪಿರಿನ್ ಹೇಗೂ ಇರುತ್ತದೆ. ಪ್ರಶ್ನೆ ಸಾಮಾನ್ಯವಾಗಿ 12 ತಿಂಗಳು ನುಂಗುವ ಎರಡನೆಯ ಮಾತ್ರೆಯದು. ಕ್ಲೊಪಿಡೊಗ್ರೆಲ್ ಅಗ್ಗ, 75 ಮಿ.ಗ್ರಾಂ. ದಿನಕ್ಕೊಂದೇ ಹೊತ್ತು. ಟಿಕಾಗ್ರೆಲರ್ 90 ಮಿ.ಗ್ರಾಂ. ಎರಡು ಹೊತ್ತು, ಸಂಜೆಯ ಮಾತ್ರೆ ಮರೆಯುವವರಿಗೆ ಇದೇ ತೊಡಕು. ಆದರೆ ಪರಿಣಾಮದಲ್ಲಿ ಅದೇ ಮೇಲು: ಇವೆರಡನ್ನೂ ಹೋಲಿಸಿದ 2009ರ ಪ್ಲೇಟೊ ಅಧ್ಯಯನದಲ್ಲಿ ಟಿಕಾಗ್ರೆಲರ್ ನುಂಗಿದವರಲ್ಲಿ ಮರು ಹೃದಯಾಘಾತ, ಸಾವು ಎರಡೂ ಕಡಿಮೆಯಿದ್ದವು. ಕ್ಲೊಪಿಡೊಗ್ರೆಲ್ ಯಕೃತ್ತಿನಲ್ಲಿ ಬದಲಾದ ಮೇಲೆಯೇ ಕೆಲಸ ಮಾಡುವುದರಿಂದ ಕೆಲವರಿಗೆ ಅಷ್ಟಾಗಿ ಹತ್ತುವುದಿಲ್ಲ.

ರಕ್ತಸ್ರಾವದ ಭಯ ಟಿಕಾಗ್ರೆಲರ್‌ನಲ್ಲಿ ಹೆಚ್ಚು. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಕೈಗೆ ಇದು ಸಣ್ಣ ಮಾತಲ್ಲ. ಕೆಲವರಿಗೆ ಏದುಸಿರೂ ಬರುತ್ತದೆ. ಹಿಂದೆ ಮಿದುಳಿನಲ್ಲಿ ರಕ್ತಸ್ರಾವವಾಗಿದ್ದರೆ ಟಿಕಾಗ್ರೆಲರ್ ಬೇಡವೇ ಬೇಡ. ಎಪ್ಪತ್ತು ದಾಟಿದವರಾದರೆ ನಾನು ಕ್ಲೊಪಿಡೊಗ್ರೆಲ್ ಕಡೆಗೇ ವಾಲುತ್ತೇನೆ. ಐವತ್ತರ ಗಟ್ಟಿಗರಿಗೆ ಟಿಕಾಗ್ರೆಲರ್. ಹೃದ್ರೋಗ ತಜ್ಞರನ್ನು ಕೇಳದೆ ಯಾವುದನ್ನೂ ಬದಲಿಸಬೇಡಿ, ನಿಲ್ಲಿಸಬೇಡಿ.