ಆಯೋಗ, ಕೋರ್ಟು, ಬೀದಿ: ಯಾವ ದಾರಿ ಹಿಡಿಯೋದು?

ಊರಲ್ಲಿ ಈಗಲೂ ಮ್ಯಾನ್‌ಹೋಲ್‌ಗೆ ಜನರನ್ನು ಇಳಿಸುತ್ತಾರೆ, ಎಲ್ಲಿಗೆ ಹೋಗೋದು ಅಂತ ಕೇಳಿದ್ದೀರಿ.

ಖರ್ಚಿನ ಮಾತಾದರೆ ರಾಜ್ಯ ಮಾನವ ಹಕ್ಕುಗಳ ಆಯೋಗವೇ ಸುಲಭ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಘಟನೆ ನಡೆದು ಒಂದು ವರ್ಷ ದಾಟಿರಬಾರದು, ಅಷ್ಟೇ. ಆದರೆ ಆಯೋಗ ಶಿಫಾರಸು ಮಾಡುತ್ತದೆ, ಅಪ್ಪಣೆ ಕೊಡುವುದಿಲ್ಲ.

ಆದೇಶಕ್ಕೆ ಬಲ ಬೇಕಾದರೆ ಹೈಕೋರ್ಟಿನಲ್ಲಿ ಪಿಐಎಲ್, ಅಂದರೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ. ಸಮಯ ಮಾತ್ರ ಜಾಸ್ತಿ. ಮಲ ಹೊರುವ ಪದ್ಧತಿ ವಿರುದ್ಧ ಹೋರಾಡುವ ಸಫಾಯಿ ಕರ್ಮಚಾರಿ ಆಂದೋಲನ ಅನ್ನೋ ಸಂಘಟನೆ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು, ತೀರ್ಪು ಬಂದಿದ್ದು 2014ರಲ್ಲಿ. 1993ರಿಂದ ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ತಲಾ 10 ಲಕ್ಷ ಅಂತಾಯಿತು. 2023ರಲ್ಲಿ ಕೋರ್ಟೇ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಗಂಡನನ್ನು ಕಳೆದುಕೊಂಡವಳು ಆ ದುಡ್ಡಿಗೂ ಕಚೇರಿ ಅಲೆಯಬೇಕು ಅನ್ನೋದು ಬೇರೆ ಮಾತು.

ಕಾನೂನೇ ಇಲ್ಲದ ಕಡೆ ಬೀದಿ ಹೋರಾಟ ಬೇಕೇಬೇಕು. ರಾಜಸ್ಥಾನದ ಬ್ಯಾವರ್‌ನಲ್ಲಿ 1996ರಲ್ಲಿ ಮಾಹಿತಿ ಹಕ್ಕಿಗಾಗಿ 40 ದಿನ ಧರಣಿ ನಡೆಯಿತು, ದೇಶಕ್ಕೆ ಮಾಹಿತಿ ಹಕ್ಕು ಕಾಯ್ದೆ ಸಿಕ್ಕಿದ್ದು 2005ರಲ್ಲಿ. ನಿಮಗೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ಆಗಲೇ ಇದೆ. ಆದರೂ ದೂರು ಕೊಟ್ಟವರ ಕೆಲಸ ಹೋಗುವ ಭಯವಿದ್ದರೆ ಕಾರ್ಮಿಕ ಸಂಘ ಬೆನ್ನಿಗಿರಲಿ.

ಒಬ್ಬರಿಗಾದ ಅನ್ಯಾಯಕ್ಕೆ ಆಯೋಗ, ಇಡೀ ಊರಿನ ಪದ್ಧತಿ ನಿಲ್ಲಿಸಲು ಕೋರ್ಟು. ಎರಡೂ ಕಡೆ ಒಟ್ಟಿಗೆ ಅರ್ಜಿ ಹಾಕಬೇಡಿ, ಕೋರ್ಟಿನಲ್ಲಿರುವ ವಿಷಯವನ್ನು ಆಯೋಗ ಸಾಮಾನ್ಯವಾಗಿ ಮುಟ್ಟುವುದಿಲ್ಲ.